ಬಿಷಪ್: ಒಂದು ಪದ, ಹಲವು ವೇಷ

ಯಾದಗಿರಿಯ ನೆರೆಯ ಹತ್ತಿಕುಣಿ ತನ್ನ ಜಲಾಶಯದಿಂದ ಹೆಸರಾದ ಊರು. ಅಲ್ಲಿಂದ ಪಟ್ಟಣದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನನ್ನು ಓದುಗರು ಕಲ್ಪಿಸಿಕೊಳ್ಳಲಿ. ಮನೆಯಲ್ಲಿ ಅಚ್ಚ ಕನ್ನಡ, ಪೇಟೆಯಲ್ಲಿ ಉರ್ದು ಬೆರೆತ ಕನ್ನಡ, ಪರೀಕ್ಷೆಯ ಹೊತ್ತಿಗೆ ಮಾತ್ರ ಇಂಗ್ಲಿಷು. ಪಠ್ಯದಲ್ಲಿ ‘ಬಿಷಪ್’ ಎಂಬ ಪದ ಎದುರಾದಾಗ ಆತ ‘ಕ್ರೈಸ್ತ ಪಾದ್ರಿ’ ಎಂದು ಅಂಚಿನಲ್ಲಿ ಬರೆದುಕೊಂಡು ನಿಶ್ಚಿಂತನಾಗುತ್ತಾನೆ. ಮರುದಿನ ಪತ್ರಿಕೆಯಲ್ಲಿ, ಕುದುರೆಯೊಂದು ಬಿಷಪ್ಪನನ್ನು ಹೊಡೆದು ಹಾಕಿತೆಂಬ ಸುದ್ದಿ! ಗಾಬರಿಯಾಗಿ ಮೇಲೆ ನೋಡಿದರೆ ಅದು ಚದುರಂಗದ ಅಂಕಣ.

ಇಂಥ ತಪ್ಪಿನಿಂದ ಒಂದೆರಡು ಅಂಕ ಹೋಗುವುದು ಸಣ್ಣ ನಷ್ಟ. ಆದರೆ ಒಂದು ಪದವಿಯ ಹೆಸರನ್ನು ತಪ್ಪಾಗಿ ತಿಳಿದವನು ಆ ಪದವಿಯ ಹೊಣೆಯನ್ನೂ ತಪ್ಪಾಗಿ ತಿಳಿಯುತ್ತಾನೆ. ಆದುದರಿಂದ ಈ ಪದದ ಬೇರನ್ನು ಕೆದಕಿ ನೋಡುವುದು ಕೇವಲ ಪಂಡಿತರ ವಿನೋದವಲ್ಲ.

ಮೇಲಿನಿಂದ ನೋಡುವವನು

‘ಬಿಷಪ್’ ಹುಟ್ಟಿದ್ದು ಗ್ರೀಕಿನ ‘ಎಪಿಸ್ಕೊಪೊಸ್’ ಎಂಬ ಮಾತಿನಿಂದ. ‘ಎಪಿ’ ಎಂದರೆ ಮೇಲೆ. ‘ಸ್ಕೊಪೊಸ್’ ಎಂದರೆ ನೋಡುವವನು, ಕಾಯುವವನು. ಜೋಳದ ಹೊಲದ ನಡುವೆ ಅಟ್ಟಣೆ ಕಟ್ಟಿ, ಅದರ ಮೇಲೆ ನಿಂತು ತೆನೆ ಕಾಯುವವನನ್ನು ನೆನೆದರೆ ಈ ಪದದ ಮೂಲಚಿತ್ರ ಕಣ್ಣಿಗೆ ಕಟ್ಟುತ್ತದೆ. ಅದು ಮೊದಲು ಧಾರ್ಮಿಕ ಪದವೇ ಆಗಿರಲಿಲ್ಲ. ಅಥೆನ್ಸ್ ನಗರವು ತನ್ನ ಅಧೀನದ ಪಟ್ಟಣಗಳಿಗೆ ಕಳುಹಿಸುತ್ತಿದ್ದ ತನಿಖಾಧಿಕಾರಿಗಳಿಗೂ ಇದೇ ಹೆಸರಿತ್ತು. ಕ್ರೈಸ್ತ ಸಭೆಗಳು ಅದನ್ನು ಬಳಕೆಗೆ ತಂದುಕೊಂಡ ಮೇಲೆ ಲ್ಯಾಟಿನಿನಲ್ಲಿ ‘ಎಪಿಸ್ಕೋಪುಸ್’ ಆಯಿತು. ಮುಂದೆ ತಲೆ ಕಳೆದುಕೊಂಡು, ಬಾಲ ಸವೆದು, ಇಂಗ್ಲಿಷಿನಲ್ಲಿ ‘ಬಿಷಪ್’ ಎಂದಾಯಿತು. ಪೋರ್ಚುಗೀಸರ ಬಾಯಲ್ಲಿ ‘ಬಿಸ್ಪು’ ಆದುದೇ ಕರಾವಳಿಯ ಕೊಂಕಣಿಗರಲ್ಲಿ ‘ಬಿಸ್ಪ್’ ಎಂದು ಉಳಿದಿದೆ.

ಕನ್ನಡಿಗರಿಗೆ ಇಲ್ಲೊಂದು ಸೋಜಿಗವುಂಟು. ಕನ್ನಡ ಬೈಬಲ್ಲಿನಲ್ಲಿ ಈ ಪದವಿಗೆ ‘ಸಭಾಧ್ಯಕ್ಷ’ ಎಂಬ ಮಾತಿದೆ. ಕಥೊಲಿಕರು ‘ಧರ್ಮಾಧ್ಯಕ್ಷ’ ಎನ್ನುತ್ತಾರೆ. ‘ಅಧ್ಯಕ್ಷ’ ಎಂಬುದನ್ನು ಬಿಡಿಸಿದರೆ ‘ಅಧಿ’ ಮತ್ತು ‘ಅಕ್ಷ’. ಅಂದರೆ ಮೇಲೆ ಕಣ್ಣಿಟ್ಟವನು! ಗ್ರೀಕಿನ ಪದವನ್ನು ಭಾಗಭಾಗವಾಗಿ ಕಳಚಿ ಮತ್ತೆ ಜೋಡಿಸಿದಂತಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೇಸಾಯಕ್ಕೆ ಸೀತಾಧ್ಯಕ್ಷ, ನೂಲು ನೇಯ್ಗೆಗೆ ಸೂತ್ರಾಧ್ಯಕ್ಷ ಎಂದು ಅಧ್ಯಕ್ಷರ ಪಡೆಯೇ ಇದೆ. ಅವರು ಹಾರ ಹಾಕಿಸಿಕೊಂಡು ವೇದಿಕೆಯಲ್ಲಿ ಕೂರುವವರಲ್ಲ. ನೂಲಿನ ಎಳೆಯನ್ನೂ ಕೂಲಿಯ ಲೆಕ್ಕವನ್ನೂ ಕಣ್ಣಾರೆ ನೋಡಬೇಕಾದವರು. ಯಾದಗಿರಿಗೆ ದೂರವಲ್ಲದ ಭೀಮಾತೀರದ ಸನ್ನತಿಯಲ್ಲಿ ಅಶೋಕನ ಶಾಸನಗಳು ದೊರೆತಿವೆ. ಧರ್ಮದ ಪಾಲನೆಯನ್ನು ನೋಡಿಕೊಳ್ಳಲು ಆ ಚಕ್ರವರ್ತಿ ‘ಧರ್ಮಮಹಾಮಾತ್ರ’ರನ್ನು ನೇಮಿಸಿದ್ದನು. ಧರ್ಮಕ್ಕೂ ಒಬ್ಬ ಮೇಲ್ವಿಚಾರಕ ಬೇಕೆಂಬ ಭಾವನೆ ಈ ನೆಲಕ್ಕೆ ಹೊಸದಲ್ಲ.

ಪಾದ್ರಿ ಬೇರೆ, ಬಿಷಪ್ ಬೇರೆ

‘ಪಾದ್ರಿ’ ಎಂದರೆ ಪೋರ್ಚುಗೀಸಿನಲ್ಲಿ ತಂದೆ. ಒಂದು ಊರಿನ ಸಭೆಯನ್ನು ನೋಡಿಕೊಳ್ಳುವ ಗುರು. ಅನೇಕ ಸಭೆಗಳೂ ಪಾದ್ರಿಗಳೂ ಸೇರಿದ ಪ್ರಾಂತವೊಂದರ ಹೊಣೆ ಹೊತ್ತವರು ಬಿಷಪ್. ಎಲ್ಲ ಬಿಷಪ್ಪರೂ ಪಾದ್ರಿಗಳಾಗಿದ್ದವರೇ. ಎಲ್ಲ ಪಾದ್ರಿಗಳೂ ಬಿಷಪ್ಪರಲ್ಲ. ಕಥೊಲಿಕರಲ್ಲಿ ಇದು ಗುರುದೀಕ್ಷೆಯ ಮೂರನೆಯ, ಪೂರ್ಣವಾದ ಹಂತ. ಯಾದಗಿರಿ ಬೀದರಗಳ ಕಡೆ ಸಭೆಗಳುಳ್ಳ ಮೆಥೋಡಿಸ್ಟರಲ್ಲಿ ಇದು ಬೇರೆ ದೀಕ್ಷೆಯಲ್ಲ. ಹಿರಿಯ ಗುರುಗಳಿಗೆ ವಹಿಸುವ ಮೇಲ್ವಿಚಾರಣೆಯ ಹುದ್ದೆ. ಕಲಬುರ್ಗಿಯನ್ನು ಕೇಂದ್ರವಾಗಿಸಿಕೊಂಡ ಕಥೊಲಿಕ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 2005ರಲ್ಲಿ.

ಬರೆಹದಲ್ಲಿ ಒಂದು ಸೂಕ್ಷ್ಮವಿದೆ. ವ್ಯಕ್ತಿಯ ಹೆಸರಿನ ಹಿಂದೆ ಬಿರುದಾಗಿ ಬಂದಾಗ ಇಂಗ್ಲಿಷಿನಲ್ಲಿ ದೊಡ್ಡಕ್ಷರ; ಸಾಮಾನ್ಯ ನಾಮವಾಗಿ ಬಂದಾಗ ಚಿಕ್ಕಕ್ಷರ. ಪಾದ್ರಿಗೆ ‘ರೆವರೆಂಡ್’ ಸಾಕಾದರೆ, ಬಿಷಪ್ಪರಿಗೆ ‘ರೈಟ್ ರೆವರೆಂಡ್’ ಎಂಬುದು ಆಂಗ್ಲಿಕನ್ ಪದ್ಧತಿ. 2013ರಲ್ಲಿ ದಕ್ಷಿಣ ಭಾರತ ಸಭೆಯ ನಂದ್ಯಾಲ ಪ್ರಾಂತಕ್ಕೆ ಇ. ಪುಷ್ಪಲಲಿತಾ ಬಿಷಪ್ ಆದರು. ಆ ಸಭೆಯಲ್ಲಿ ಈ ಪದವಿಗೇರಿದ ಮೊದಲ ಮಹಿಳೆ ಅವರು. ಇಂಗ್ಲಿಷಿನ ಪದಕ್ಕೆ ಲಿಂಗಭೇದದ ತೊಡಕಾಗಲಿಲ್ಲ; ಕನ್ನಡದ ‘ಬಿಷಪ್ಪರು’ ಎಂಬ ಗೌರವ ಬಹುವಚನವೂ ಇಬ್ಬರಿಗೂ ಸಲ್ಲುತ್ತದೆ.

ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯ ಹೆಸರು ಕೇಳದವರು ವಿರಳ. 1865ರಲ್ಲಿ ಆರಂಭವಾದ ಆ ಶಾಲೆಗೆ ಕಲ್ಕತ್ತೆಯ ಬಿಷಪ್ಪರಾಗಿದ್ದ ಜಾರ್ಜ್ ಕಾಟನ್ನರ ಹೆಸರು. ಮರುವರ್ಷವೇ ಅವರು ಬಂಗಾಳದ ಕುಷ್ಟಿಯಾದಲ್ಲಿ ನದಿಗೆ ಬಿದ್ದು ತೀರಿಕೊಂಡರು. ಅದೇ ನಗರದ ಕಾಟನ್‌ಪೇಟೆಗೂ ಅವರಿಗೂ ನಂಟಿಲ್ಲ. ಅದು ಹಳೆಯ ಅರಳೆಪೇಟೆ. ಅಲ್ಲಿಯ ಕಾಟನ್ ಅಪ್ಪಟ ಹತ್ತಿ!

ಆನೆ ಬಿಷಪ್ಪನಾದ ಕಥೆ

ಇನ್ನು ಚದುರಂಗ. ಕನ್ನಡದ ಮನೆಗಳಲ್ಲಿ ‘ಒಂಟೆ’ ಎನ್ನುವ ಕಾಯಿಯೇ ಇಂಗ್ಲಿಷಿನ ಬಿಷಪ್. ಅದು ಮೂಲತಃ ಭಾರತದ ಆನೆ. ಪರ್ಷಿಯಾದಲ್ಲಿ ‘ಪೀಲ್’, ಅರಬ್ಬರಲ್ಲಿ ‘ಅಲ್ ಫೀಲ್’ ಆಗಿ ಯೂರೋಪು ಸೇರಿತು. ಸ್ಪೇನಿನವರು ಇಂದಿಗೂ ‘ಆಲ್ಫಿಲ್’ ಎನ್ನುತ್ತಾರೆ. ರಷ್ಯನರಿಗೆ ಅದು ಈಗಲೂ ಆನೆಯೇ. ಫ್ರೆಂಚರು ಅದನ್ನು ವಿದೂಷಕನನ್ನಾಗಿಯೂ, ಜರ್ಮನರು ಓಟಗಾರನನ್ನಾಗಿಯೂ, ಇಂಗ್ಲಿಷರು ಬಿಷಪ್ಪನನ್ನಾಗಿಯೂ ಮಾಡಿಕೊಂಡರು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1831ರಲ್ಲಿ ಸಿಕ್ಕ ಹನ್ನೆರಡನೆಯ ಶತಮಾನದ ಕಾಯಿಗಳಲ್ಲಿ ಕಿರೀಟ ತೊಟ್ಟು ದಂಡ ಹಿಡಿದ ಬಿಷಪ್ಪರಿದ್ದಾರೆ.

ಅಡಿಗೆಮನೆಗೂ ಈ ಪದ ಬಂದಿದೆ. ಮಿರ್ಚಿಯ ಹಿಟ್ಟಿಗೆ ಉದುರಿಸುವ ಅಜವಾನಕ್ಕೆ, ಅಂದರೆ ಓಮಕ್ಕೆ, ಇಂಗ್ಲಿಷಿನ ಒಂದು ಹೆಸರು ‘ಬಿಷಪ್ಸ್ ವೀಡ್’. ಕಿತ್ತಳೆ, ಸಕ್ಕರೆ ಬೆರೆಸಿದ ದ್ರಾಕ್ಷಾರಸಕ್ಕೂ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ‘ಬಿಷಪ್’ ಎಂಬ ಹೆಸರಿತ್ತು. ಆಫ್ರಿಕದ ಕೆಲವು ಗೀಜಗದ ಜಾತಿಯ ಹಕ್ಕಿಗಳಿಗೂ ಅದೇ ಹೆಸರು. ಇದೇ ರೂಪದ ಕ್ರಿಯಾಪದವೊಂದು ಮಾತ್ರ ಕುಖ್ಯಾತ. ಮುದಿ ಕುದುರೆಯ ಹಲ್ಲು ತೀಡಿ ಪ್ರಾಯದ್ದೆಂದು ಮಾರುವ ಮೋಸಕ್ಕೆ ಅದು ಸಲ್ಲುತ್ತದೆ. ಅದು ಬಂದದ್ದು ಬಿಷಪ್ ಎಂಬ ಅಡ್ಡಹೆಸರಿನವನೊಬ್ಬನಿಂದ ಎನ್ನುತ್ತಾರೆ; ಧರ್ಮಪೀಠಕ್ಕೂ ಅದಕ್ಕೂ ಸಂಬಂಧವಿಲ್ಲ.

ಹೀಗೆ ಪೀಠದಿಂದ ಚದುರಂಗದ ಹಾಸಿನವರೆಗೆ, ಚದುರಂಗದ ಹಾಸಿನಿಂದ ಒಗ್ಗರಣೆಯ ಡಬ್ಬಿಯವರೆಗೆ ಈ ಪದ ವೇಷ ಬದಲಿಸಿದೆ. ವಿದ್ಯಾರ್ಥಿಯು ವಾಕ್ಯದ ಸಂದರ್ಭ ನೋಡಿ ಅರ್ಥ ಹಿಡಿಯಬೇಕು. ಆದರೆ ಬೇರಿನ ಅರ್ಥವನ್ನು ಎಲ್ಲರೂ ಮರೆಯದಿರುವುದು ಲೇಸು. ಅಧ್ಯಕ್ಷರೆನಿಸಿದವರು, ಸಭೆಯವರಾಗಲಿ ಸಂಘದವರಾಗಲಿ, ಎತ್ತರದಲ್ಲಿ ನಿಲ್ಲುವುದು ತಾವು ಕಾಣಿಸಿಕೊಳ್ಳುವುದಕ್ಕಲ್ಲ, ಕೆಳಗಿನವರನ್ನು ಕಾಣುವುದಕ್ಕೆ.