ರಾವುತನ ಹೆಸರು, ಕುದುರೆಯ ಹೆಸರು

ಪದವಿ ತರಗತಿಯಲ್ಲಿ ವೀರಗಲ್ಲುಗಳನ್ನು ಕುರಿತು ಪಾಠ ಹೇಳುತ್ತಿದ್ದೆ. ಕೆಳಗಿನ ಹಂತದಲ್ಲಿ ಹೋರಾಟ, ನಡುವಿನ ಹಂತದಲ್ಲಿ ಅಪ್ಸರೆಯರೊಡನೆ ವೀರನ ಸ್ವರ್ಗಾರೋಹಣ, ಮೇಲೆ ಶಿವಸಾನ್ನಿಧ್ಯ ಎಂದು ವಿವರಿಸುತ್ತ, ಕುದುರೆಯೇರಿ ಕಾದುತ್ತಿರುವ ರಾವುತನ ಚಿತ್ರವೊಂದನ್ನು ತೋರಿಸಿದೆ. ಸತ್ತವನ ಹೆಸರು, ಅವನ ಒಡೆಯನ ಹೆಸರು, ಕಲ್ಲು ನಿಲ್ಲಿಸಿದವನ ಹೆಸರು ಇವೆಲ್ಲ ಶಾಸನದಲ್ಲಿ ಬರುತ್ತವೆಂದು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಕುದುರೆಯ ಹೆಸರೇನು ಸರ್?" ಎಂದಳು. ತರಗತಿ ನಕ್ಕಿತು. ನಾನೂ ನಕ್ಕೆ. ಕುದುರೆಯ ಹೆಸರನ್ನು ಕಲ್ಲಿನಲ್ಲಿ ಬರೆಯುತ್ತಿರಲಿಲ್ಲವಮ್ಮ ಎಂದೆ. ಆಕೆ ಕುಳಿತುಕೊಳ್ಳಲಿಲ್ಲ. "ನಾಯಿಯ ಹೆಸರನ್ನು ಬರೆದಿದ್ದಾರಲ್ಲ ಸರ್, ಆತಕೂರಿನಲ್ಲಿ?" ಎಂದಳು.

ಹಿಂದಿನ ವಾರ ಆ ಪಾಠ ಹೇಳಿದವನು ನಾನೇ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಹತ್ತನೆಯ ಶತಮಾನದ ನಡುವಿನದು. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗ, ತನ್ನ ವೀರ ಮಣಲೇರನಿಗೆ ಮೆಚ್ಚಿ ಏನು ಬೇಕೆಂದು ಕೇಳಿದಾಗ, ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಅರಸನ ಬೇಟೆನಾಯಿಯನ್ನು ಕೇಳಿದ. ಆ ನಾಯಿಯ ಹೆಸರು ಕಾಳಿ. ಮುಂದೆ ಅದು ಕಾಡುಹಂದಿಯೊಂದರೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದ. ಸಾವಿರ ವರ್ಷ ಕಳೆದರೂ ಆ ನಾಯಿಯ ಹೆಸರು ನಮ್ಮ ನಾಲಗೆಯ ಮೇಲಿದೆ. ಹಾಗಾದರೆ ರಾವುತನೊಡನೆ ಬಾಣಗಳ ಎದುರಿಗೆ ಓಡಿ ಮಡಿದ ಕುದುರೆಗೇಕೆ ಹೆಸರಿಲ್ಲ? ಅಂದು ಏನೋ ಉತ್ತರ ಹೇಳಿ ಪಾರಾದೆ. ಆದರೆ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಹಲವು ದಿನ ಕುದುರೆಗಳ ಹೆಸರುಗಳನ್ನೇ ಅರಸುತ್ತ ಕುಳಿತೆ.

ಪುರಾಣಗಳು ಈ ವಿಷಯದಲ್ಲಿ ಉದಾರಿಗಳು. ಕಡಲನ್ನು ಕಡೆದಾಗ ಬಂದ ಉಚ್ಚೈಶ್ರವಸ್ಸನ್ನು ಯಾರು ಕೇಳಿಲ್ಲ? ಕೃಷ್ಣನ ರಥದ ನಾಲ್ಕು ಕುದುರೆಗಳಿಗೂ ಶೈಬ್ಯ, ಸುಗ್ರೀವ, ಮೇಘಪುಷ್ಪ, ಬಲಾಹಕ ಎಂದು ಬೇರೆ ಬೇರೆ ಹೆಸರುಂಟು. ಸಿದ್ಧಾರ್ಥನನ್ನು ಅರಮನೆಯಿಂದ ನಡುರಾತ್ರಿಯಲ್ಲಿ ಹೊತ್ತು ಹೊರಟ ಕಂಥಕನ ಕಥೆಯಂತೂ ಕಲ್ಲೆದೆಯನ್ನೂ ಕರಗಿಸುವಂಥದು. ಒಡೆಯ ಕಾಡಿನಲ್ಲಿ ಉಳಿದ. ಕುದುರೆ ಬರಿಯ ಬೆನ್ನಿನಿಂದ ಹಿಂದಿರುಗಬೇಕಾಯಿತು. ಅಗಲಿಕೆಯ ದುಃಖ ತಾಳದೆ ಅದು ಪ್ರಾಣ ಬಿಟ್ಟಿತೆಂದು ಪಾಲಿ ಪರಂಪರೆ ಹೇಳುತ್ತದೆ. ಬುದ್ಧನಾಗಲಿರುವವನು ಎಲ್ಲವನ್ನೂ ತೊರೆದನೆಂದು ನಾವು ಕೊಂಡಾಡುತ್ತೇವೆ. ತೊರೆಯಲ್ಪಟ್ಟವರ ಸಾಲಿನಲ್ಲಿ ಯಶೋಧರೆ ರಾಹುಲರ ಜೊತೆಗೆ ಒಂದು ಕುದುರೆಯೂ ನಿಂತಿದೆ.

ಇತಿಹಾಸಕ್ಕೆ ಬಂದರೆ ಮೊದಲು ಎದುರಾಗುವುದು ಅಲೆಕ್ಸಾಂಡರನ ಬ್ಯುಸಿಫಾಲಸ್. 'ಎತ್ತಿನ ತಲೆಯದು' ಎಂದು ಆ ಹೆಸರಿನ ಅರ್ಥ. ಥೆಸಲಿಯ ವ್ಯಾಪಾರಿಯೊಬ್ಬ ಅದನ್ನು ಫಿಲಿಪ್ ದೊರೆಯ ಮುಂದೆ ತಂದು ಹದಿಮೂರು ಟ್ಯಾಲೆಂಟುಗಳ ಬೆಲೆ ಹೇಳಿದನಂತೆ. ಯಾರನ್ನೂ ಹತ್ತಿರಕ್ಕೆ ಬಿಡದೆ ಅದು ಹಿಂಗಾಲಿನ ಮೇಲೆ ನಿಲ್ಲುತ್ತಿತ್ತು. ಹುಡುಗ ಅಲೆಕ್ಸಾಂಡರ್ ಒಂದನ್ನು ಗಮನಿಸಿದ: ಕುದುರೆ ಹೆದರುತ್ತಿದ್ದುದು ಮನುಷ್ಯರಿಗಲ್ಲ, ತನ್ನದೇ ನೆರಳಿಗೆ. ಅದರ ಮುಖವನ್ನು ಸೂರ್ಯನ ಕಡೆಗೆ ತಿರುಗಿಸಿದ. ನೆರಳು ಹಿಂದೆ ಬಿತ್ತು. ಮೈ ಸವರಿ, ಮೆಲ್ಲನೆ ಮೇಲೇರಿದ. ಈ ಕಥೆ ಹೇಳಿದ ಪ್ಲುಟಾರ್ಕ್ ಅಲೆಕ್ಸಾಂಡರನ ತರುವಾಯ ನಾಲ್ಕು ಶತಮಾನ ಕಳೆದು ಬಂದವನು. ಕಥೆಯ ಸತ್ಯವೆಷ್ಟೋ, ಅಲಂಕಾರವೆಷ್ಟೋ! ಆದರೆ ಕುದುರೆ ಪಳಗಿದ್ದು ಬಲದಿಂದಲ್ಲ, ಅದರ ಭಯದ ಕಾರಣವನ್ನು ಅರಿತುದರಿಂದ ಎಂಬ ಮಾತು ಕುದುರೆ ಸಾಕಿದವರಿಗೆ ಸುಳ್ಳೆನಿಸುವುದಿಲ್ಲ.

ಅದೇ ಪ್ಲುಟಾರ್ಕ್ ಇನ್ನೊಂದು ಸಂಗತಿ ಹೇಳುತ್ತಾನೆ. ಕುದುರೆಗೆ ಮುಪ್ಪಡರಿದ ಮೇಲೆ ಅಲೆಕ್ಸಾಂಡರ್ ಸೈನ್ಯವನ್ನು ಅಣಿಗೊಳಿಸುವಾಗ ಬೇರೆ ಕುದುರೆ ಏರುತ್ತಿದ್ದ. ನಿಜವಾಗಿ ಮೇಲೆ ಬೀಳುವ ಗಳಿಗೆಯಲ್ಲಿ ಮಾತ್ರ ಬ್ಯುಸಿಫಾಲಸನನ್ನು ತರಿಸಿಕೊಳ್ಳುತ್ತಿದ್ದ. ಇದು ಪ್ರೀತಿ. ಆದರೆ ಏಷ್ಯಾದ ದಂಡಯಾತ್ರೆಯಲ್ಲಿ ಒಮ್ಮೆ ಕುದುರೆ ಕಳುವಾದಾಗ, ಹಿಂದಿರುಗಿಸದಿದ್ದರೆ ಹೆಂಗಸರು ಮಕ್ಕಳೆನ್ನದೆ ಎಲ್ಲರನ್ನೂ ಕತ್ತಿಗೆ ಕೊಡುವೆನೆಂದು ಸಾರಿದವನೂ ಅವನೇ. ಇದಕ್ಕೂ ಪ್ರೀತಿಯೆಂದೇ ಹೆಸರಿಡಬೇಕೆ? ನನಗೆ ಕೈ ಬರುವುದಿಲ್ಲ. ಕ್ರಿ. ಪೂ. 326ರಲ್ಲಿ ಪೌರವನೊಡನೆ ಜೇಲಂ ನದಿಯ ಬಳಿ ನಡೆದ ಯುದ್ಧದ ತರುವಾಯ ಆ ಕುದುರೆ ಸತ್ತಿತು. ಗಾಯದಿಂದೆಂದು ಕೆಲವರು, ಮುಪ್ಪಿನಿಂದೆಂದು ಕೆಲವರು. ಆ ನದಿಯ ದಡದಲ್ಲಿ ಬ್ಯುಸಿಫಾಲ ಎಂಬ ಪಟ್ಟಣ ಎದ್ದಿತು. ತನ್ನ ನಾಯಿ ಪೆರಿಟಾಸನ ಹೆಸರಿನಲ್ಲಿಯೂ ಅವನು ಊರೊಂದನ್ನು ಕಟ್ಟಿಸಿದನೆಂಬ ಮಾತುಂಟು. ಅದನ್ನು ಓದಿದಾಗ ನಮ್ಮ ಕಾಳಿ ನೆನಪಾಯಿತು. ಮಣಲೇರನ ಕೈಯಲ್ಲಿ ಇದ್ದುದು ಒಂದು ಕಲ್ಲು. ಆದರೆ ಆ ಕಲ್ಲು ಇಂದಿಗೂ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಭರತಖಂಡದಲ್ಲಿ ಮನೆಮಾತಾದ ಕುದುರೆಯೆಂದರೆ ಚೇತಕ. ನನ್ನ ಓರಗೆಯವರ ಬಾಲ್ಯದಲ್ಲಿ ಚೇತಕವೆಂದರೆ ಮೊದಲು ಬಜಾಜ್ ಸ್ಕೂಟರು, ಆಮೇಲೆ ರಾಣಾ ಪ್ರತಾಪ. ಒಂದು ಕಡೆಗೆ ವಾಲಿಸಿ ಒದ್ದರಲ್ಲದೆ ಅದು ಹೊರಡುತ್ತಿರಲಿಲ್ಲ. ಅದಿರಲಿ. 1576ರ ಜೂನ್ 18ರಂದು ಹಲ್ದೀಘಾಟಿಯಲ್ಲಿ ಮಾನಸಿಂಹ ಆನೆಯ ಮೇಲಿದ್ದ. ಚೇತಕ ಮುಂಗಾಲುಗಳನ್ನೆತ್ತಿ ಆನೆಯ ಮೇಲಿಟ್ಟಿತು. ಆನೆಯ ಸೊಂಡಿಲಿಗೆ ಕಟ್ಟಿದ್ದ ಕತ್ತಿ ಅದರ ಕಾಲನ್ನು ಸೀಳಿತು. ಉಳಿದ ಮೂರು ಕಾಲುಗಳಲ್ಲೇ ಅದು ಒಡೆಯನನ್ನು ರಣರಂಗದಿಂದ ಹೊತ್ತೊಯ್ದು, ಹಳ್ಳವೊಂದನ್ನು ಹಾರಿ, ಆಚೆ ದಡದಲ್ಲಿ ಕುಸಿದು ಪ್ರಾಣ ಬಿಟ್ಟಿತು. ಅಲ್ಲಿ ಇಂದೂ ಅದರ ಸಮಾಧಿಯುಂಟು. ಜನ ಹೂವಿಟ್ಟು ಕೈಮುಗಿಯುತ್ತಾರೆ.

ಈ ಕಥೆಯನ್ನು ನಮಗೆ ಕೊಟ್ಟವರು ಅರಮನೆಯ ಚರಿತ್ರಕಾರರಲ್ಲ, ರಾಜಸ್ಥಾನದ ಚಾರಣರು. 1829 ಮತ್ತು 1832ರಲ್ಲಿ ಎರಡು ಸಂಪುಟಗಳಾಗಿ ಹೊರಬಂದ ಕರ್ನಲ್ ಟಾಡನ ರಾಜಸ್ಥಾನದ ಇತಿಹಾಸದಿಂದ ಅದು ದೇಶವೆಲ್ಲ ಹರಡಿತು. ಮೊಗಲರ ಪಾಳೆಯದಲ್ಲಿದ್ದು ಆ ಯುದ್ಧವನ್ನು ಕಣ್ಣಾರೆ ಕಂಡವನೊಬ್ಬನಿದ್ದ: ಬದಾಯೂನಿ. ಅವನು ನೆನಪಿಟ್ಟುಕೊಂಡದ್ದು ಆನೆಯನ್ನು. ಪ್ರತಾಪನ ಕಡೆಯ ರಾಮಪ್ರಸಾದ ಎಂಬ ಆನೆ ಸೆರೆಸಿಕ್ಕಿತು. ಅದನ್ನು ಅಕ್ಬರನ ಬಳಿಗೆ ಕರೆದೊಯ್ದವನೂ ಅವನೇ. ಬಾದಶಹ ಅದಕ್ಕೆ ಪೀರ್ ಪ್ರಸಾದ್ ಎಂದು ಹೊಸ ಹೆಸರಿಟ್ಟ. ಗೆದ್ದವನು ಪ್ರಾಣಿಯ ಹೆಸರನ್ನೂ ಗೆದ್ದುಕೊಳ್ಳುತ್ತಾನೆ! ಚೇತಕ ಸೆರೆಸಿಕ್ಕಲಿಲ್ಲ, ಆದುದರಿಂದಲೇ ಚಾರಣರಿಟ್ಟುಕೊಂಡ ಹೆಸರು ಹಾಗೆಯೇ ಉಳಿಯಿತು. ದಾಖಲೆ ಕೇಳುವ ಪಂಡಿತರಿಗೆ ಇದು ಸಾಲದೇನೋ. ಆದರೆ ಸೋತು ಹಿಂದೆಗೆದ ದಿನವೊಂದನ್ನು ಜನ ನಾಲ್ಕು ಶತಮಾನ ಎದೆಗವಚಿಕೊಂಡಿರಬೇಕಾದರೆ, ರಾಣಾನ ಶೌರ್ಯವೊಂದೇ ಅದಕ್ಕೆ ಕಾರಣವಲ್ಲ. ಕುದುರೆಯ ಸಾವು ಆ ಸೋಲನ್ನು ನೋಡುವ ಕಣ್ಣನ್ನೇ ಬದಲಿಸಿತು.

ಜೂನ್ 18 ಎಂದೊಡನೆ ಇತಿಹಾಸದ ವಿದ್ಯಾರ್ಥಿಗೆ ಇನ್ನೊಂದು ಯುದ್ಧ ನೆನಪಾಗುತ್ತದೆ. 1815ರ ಅದೇ ದಿನ ವಾಟರ್ಲೂ ಕಾಳಗ ನಡೆಯಿತು. ಅಲ್ಲಿ ಗೆದ್ದ ವೆಲಿಂಗ್ಟನ್ ಕನ್ನಡಿಗರಿಗೆ ಅಪರಿಚಿತನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿದ ಆರ್ಥರ್ ವೆಲ್ಲೆಸ್ಲಿಯೇ ಈತ. 1803ರ ಅಸ್ಸಾಯಿ ಯುದ್ಧದಲ್ಲಿ ಅವನ ಕೆಳಗೆ ಒಂದು ಕುದುರೆ ಸತ್ತು, ಡಯೋಮೆಡ್ ಎಂಬ ಇನ್ನೊಂದು ಭರ್ಜಿಯ ಇರಿತಕ್ಕೆ ಸಿಕ್ಕಿತು. ವಾಟರ್ಲೂವಿನಲ್ಲಿ ಅವನನ್ನು ಬೆಳಗಿನಿಂದ ರಾತ್ರಿಯವರೆಗೆ ಹೊತ್ತದ್ದು ಕೋಪನ್‌ಹೇಗನ್. ಗೆದ್ದ ಸೇನಾನಿ ಇಳಿದು, ಮೆಚ್ಚುಗೆಯಿಂದ ಬೆನ್ನು ತಟ್ಟಿದಾಗ ಆ ಕುದುರೆ ಹಿಂಗಾಲನ್ನು ಝಾಡಿಸಿತಂತೆ, ಕೂದಲೆಳೆಯಷ್ಟರಲ್ಲಿ ತಪ್ಪಿತು. ನೆಪೋಲಿಯನ್ನನ ಸೈನ್ಯದಿಂದಾಗದ ಕೆಲಸವನ್ನು ಒಂದು ಗೊರಸು ಮಾಡಿಬಿಡುತ್ತಿತ್ತು! ಕುದುರೆಗಳ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಗಳಿಗೆ ಇದು. ಕವಿಗಳು ಕುದುರೆಯ ಬಾಯಿಂದ ಸ್ವಾಮಿಭಕ್ತಿಯನ್ನಷ್ಟೇ ನುಡಿಸುತ್ತಾರೆ. ಕೋಪನ್‌ಹೇಗನ್ ತನ್ನ ಅಭಿಪ್ರಾಯವನ್ನು ತಾನೇ ಹೇಳಿತು.

1836ರಲ್ಲಿ ಸತ್ತಾಗ ಅದನ್ನು ಸೈನಿಕ ಮರ್ಯಾದೆಯೊಡನೆ ಡ್ಯೂಕನ ಎಸ್ಟೇಟಿನಲ್ಲಿ ಹೂಳಿದರು. ಅಷ್ಟರಲ್ಲಿ ಯಾರೋ ನೆನಪಿಗೆಂದು ಒಂದು ಗೊರಸನ್ನು ಕತ್ತರಿಸಿಕೊಂಡಿದ್ದರು, ಡ್ಯೂಕ್ ಕೆಂಡಾಮಂಡಲವಾದ. ಎದುರಾಳಿಯ ಕುದುರೆಯ ಪಾಡು ಇದಕ್ಕಿಂತ ಕಡೆ. ನೆಪೋಲಿಯನ್ನನದೆನ್ನುವ ಮರೆಂಗೊ ವಾಟರ್ಲೂವಿನಲ್ಲಿ ಸೆರೆಸಿಕ್ಕಿ ಇಂಗ್ಲೆಂಡಿಗೆ ಬಂದು, 1831ರಲ್ಲಿ ಸತ್ತಿತು. ಅದರ ಅಸ್ಥಿಪಂಜರ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಗೊರಸೊಂದನ್ನು ಸೇನಾಧಿಕಾರಿಗಳು ನಸ್ಯದ ಡಬ್ಬಿ ಮಾಡಿಸಿಕೊಂಡರು. ಸೋಜಿಗವೆಂದರೆ, ಚಕ್ರವರ್ತಿಯ ಲಾಯದ ದಾಖಲೆಗಳಲ್ಲಿ ಮರೆಂಗೊ ಎಂಬ ಹೆಸರಿನ ಕುದುರೆಯೇ ಕಾಣುವುದಿಲ್ಲ. ಕೋಪನ್‌ಹೇಗನ್ನಿಗೆ ಹೆಸರೂ ಉಂಟು, ಮಣ್ಣೂ ಉಂಟು. ಇದಕ್ಕೆ ಎಲುಬುಂಟು, ಹೆಸರು ಇದರದೇ ಹೌದೋ ಅಲ್ಲವೋ.

ಯುದ್ಧಭೂಮಿಯಿಂದ ಕುದುರೆ ನಿವೃತ್ತವಾದ ಕಾಲಕ್ಕೆ ಸರಿಯಾಗಿ ಸಿನಿಮಾ ಹುಟ್ಟಿತು. ಅದರ ಬೆನ್ನಿಗೆ ಮತ್ತೆ ತಡಿ ಬಿತ್ತು. ಅಮೆರಿಕದಲ್ಲಿ ರಾಯ್ ರೋಜರ್ಸ್ ಎಂಬ ಹಾಡುವ ಕೌಬಾಯ್‌ಗೆ ಟ್ರಿಗರ್ ಎಂಬ ಹೊಂಬಣ್ಣದ ಕುದುರೆಯಿತ್ತು. ರೋಜರ್ಸನ ಕೈಗೆ ಬರುವ ಮೊದಲೇ, ಬೇರೆ ಹೆಸರಿನಲ್ಲಿ, ಅದು 1938ರ 'ರಾಬಿನ್ ಹುಡ್' ಚಿತ್ರದಲ್ಲಿ ನಾಯಕಿಯನ್ನು ಹೊತ್ತಿತ್ತು. ಮುಂದೆ ಅದರ ಕೀರ್ತಿ ಎಷ್ಟಾಯಿತೆಂದರೆ, 1949ರಲ್ಲಿ ಹಾಲಿವುಡ್ಡಿನ ಚಿತ್ರಮಂದಿರವೊಂದರ ಅಂಗಳದ ಸಿಮೆಂಟಿನಲ್ಲಿ ನಟನ ಅಂಗೈಯ ಗುರುತಿನ ಜೊತೆಗೆ ಕುದುರೆಯ ಗೊರಸಿನ ಗುರುತನ್ನೂ ಒತ್ತಿಸಿದರು. 1965ರಲ್ಲಿ ಟ್ರಿಗರ್ ಸತ್ತಾಗ ರೋಜರ್ಸನಿಗೆ ಅದನ್ನು ಮಣ್ಣಿಗಿಡಲು ಮನಸ್ಸಾಗಲಿಲ್ಲ. ಚರ್ಮಕ್ಕೆ ಒಳಗೆ ಆಕಾರ ಕಟ್ಟಿಸಿ, ಮುಂಗಾಲೆತ್ತಿದ ಭಂಗಿಯಲ್ಲಿ ತನ್ನ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ. ಅವನು 1998ರಲ್ಲಿ ತೀರಿಕೊಂಡ, ಸಂಗ್ರಹಾಲಯ ಮುಚ್ಚಿತು, 2010ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಟ್ರಿಗರ್ 2,66,500 ಡಾಲರಿಗೆ ಮಾರಾಟವಾಯಿತು. ಅಗಲಲಾರದ ಪ್ರೀತಿಯೇ ಕೊನೆಗೆ ಅದನ್ನು ಸಂತೆಗೆ ತಂದಿತು.

ಟ್ರಿಗರ್ ಅದೃಷ್ಟಶಾಲಿಯೇ ಸರಿ. 1936ರಲ್ಲಿ ಬ್ರಿಟಿಷ್ ಅಶ್ವಪಡೆಯ ಪ್ರಸಿದ್ಧ ದಾಳಿಯೊಂದನ್ನು ಚಿತ್ರೀಕರಿಸುವಾಗ, ಓಡುವ ಕುದುರೆಗಳ ಕಾಲಿಗೆ ತಂತಿ ತೊಡರಿಸಿ ಬೀಳಿಸಿದರು. ಅನೇಕ ಕುದುರೆಗಳು ಸತ್ತವು. 1939ರ 'ಜೆಸ್ಸಿ ಜೇಮ್ಸ್' ಚಿತ್ರಕ್ಕಾಗಿ ಕುದುರೆಯೊಂದನ್ನು ಎತ್ತರದಿಂದ ನೀರಿಗೆ ಹಾರಿಸಿದರು, ಅದು ಮೇಲೇಳಲಿಲ್ಲ. ಆ ಸಾವಿನಿಂದ ಎದ್ದ ಕೂಗಿನ ಫಲವಾಗಿಯೇ ಅಲ್ಲಿನ ಪ್ರಾಣಿದಯಾ ಸಂಘ ಚಿತ್ರೀಕರಣದ ಸ್ಥಳಗಳಿಗೆ ಕಾವಲಾಗಿ ಬಂತು. ನಿಯಮವನ್ನು ತಿದ್ದಿಸಿದ ಆ ಕುದುರೆಗಳ ಹೆಸರನ್ನು ಟ್ರಿಗರಿನ ಅಭಿಮಾನಿಗಳಾರೂ ಹೇಳಲಾರರು. ಅಷ್ಟು ದೂರವೇಕೆ? ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ 1975ರ 'ಶೋಲೆ'ಯಲ್ಲಿ ಬಸಂತಿಯ ಟಾಂಗಾ ಎಳೆದ ಧನ್ನೋವನ್ನು ಹಿಂದಿ ಬಾರದವರೂ ಬಲ್ಲರು. ಆದರೆ ಧನ್ನೋ ಎಂಬುದು ಪಾತ್ರದ ಹೆಸರು. ಬಸಂತಿ ಹೇಮಾಮಾಲಿನಿ, ಧನ್ನೋ ಯಾರು?

ಹುಬ್ಬಳ್ಳಿಯ ವೃತ್ತದಲ್ಲಿ ಕಿತ್ತೂರು ಚೆನ್ನಮ್ಮ ಕುದುರೆಯೇರಿ ಖಡ್ಗವೆತ್ತಿದ್ದಾಳೆ. ಆ ವೃತ್ತವನ್ನು ನಾನು ಎಷ್ಟೋ ಸಲ ಹಾದುಹೋಗಿದ್ದೇನೆ. ಈಗ ಹೋದಾಗ ಮೊದಲ ಬಾರಿಗೆ ಕುದುರೆಯ ಮುಖವನ್ನು ನೋಡಿದೆ. ಹಿಂದಿನಿಂದ ಬಸ್ಸಿನವನು ಹಾರನ್ ಬಾರಿಸಿದ.

ನಮ್ಮ ನಾಡಿನ ಚರಿತ್ರೆಯಲ್ಲಿ ಕುದುರೆಗಳಿಗೆ ಕೊರತೆಯಿರಲಿಲ್ಲ. ವಿಜಯನಗರದ ಬಲವೇ ಕಡಲಾಚೆಯಿಂದ ಬಂದ ಕುದುರೆಗಳ ಮೇಲೆ ನಿಂತಿತ್ತು. ಅರಬರು, ಆಮೇಲೆ ಪೋರ್ಚುಗೀಸರು ಹೊರ್ಮುಜ್ ಮುಂತಾದ ಕಡೆಗಳಿಂದ ಹಡಗುಗಳಲ್ಲಿ ತರುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಹಂಪೆಯಲ್ಲಿದ್ದ ನೂನಿಜ್ ಸ್ವತಃ ಕುದುರೆ ವ್ಯಾಪಾರಿ. ಸಾಳುವ ನರಸಿಂಹನ ವಿಷಯವಾಗಿ ಅವನು ಒಂದು ಮಾತು ಬರೆದಿಟ್ಟಿದ್ದಾನೆ: ಅರಸ ಕುದುರೆಗಳನ್ನು ಸತ್ತದ್ದು ಬದುಕಿದ್ದು ಎನ್ನದೆ ಸಾವಿರ ಪರ್ದಾವಿಗೆ ಮೂರರಂತೆ ಕೊಳ್ಳುತ್ತಿದ್ದನಂತೆ. ಹಡಗಿನಲ್ಲಿ ಸತ್ತುದರ ಬಾಲವೊಂದನ್ನು ತಂದು ತೋರಿಸಿದರೆ ಸಾಕು; ಬದುಕಿದ್ದುದಕ್ಕೆ ಕೊಡುವಷ್ಟೇ ಹಣ ಕೈಸೇರುತ್ತಿತ್ತು. ವ್ಯಾಪಾರಿಗಳು ಬೇರೆ ರಾಜರ ಕಡೆಗೆ ತಿರುಗದಂತೆ ಹೂಡಿದ ಉಪಾಯವಿದು. ರಾಜನೀತಿಯೆಂದು ನಾವು ಪಾಠ ಹೇಳುತ್ತೇವೆ, ನಾನೂ ಹೇಳಿದ್ದೇನೆ. ಹಡಗಿನ ತಳದ ಕತ್ತಲೆಯಲ್ಲಿ ನಿಂತು, ನೆಲ ಕಾಣದೆ ಸತ್ತು, ಬಾಲವಾಗಿ ಕರೆಯೇರಿದ ಕುದುರೆಗಳೆಷ್ಟೋ.

ಈ ವರ್ಷದ ಶೈಕ್ಷಣಿಕ ಪ್ರವಾಸದಲ್ಲಿ ವಿದ್ಯಾರ್ಥಿಗಳನ್ನು ಹಂಪೆಗೆ ಕರೆದೊಯ್ದೆವು. ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ ಕುದುರೆಗಳ ಸಾಲು ಉದ್ದಕ್ಕೂ ಸಾಗಿದೆ. ಒಂದರ ಹಿಂದೊಂದು, ಕಡಿವಾಣ ಹಿಡಿದ ಆಳುಗಳೊಡನೆ. ಪ್ರಶ್ನೆ ಕೇಳಿದ ಆ ಹುಡುಗಿ ಬಿಸಿಲಿನಲ್ಲಿ ಗೋಡೆಯ ಗುಂಟ ನಡೆಯುತ್ತ ಬೆರಳು ಮಾಡಿ ಎಣಿಸುತ್ತಿದ್ದಳು. ನಡುವೆ ಲೆಕ್ಕ ತಪ್ಪಿತು. ಮೊದಲಿನಿಂದ ಮತ್ತೆ ಹಿಡಿದಳು. ಮಾರ್ಗದರ್ಶಿ ಗಡಿಯಾರ ನೋಡಿಕೊಂಡು, ವಿಠ್ಠಲ ದೇವಾಲಯಕ್ಕೆ ಹೊತ್ತಾಯಿತೆಂದು ಅವಸರಪಡಿಸಿದ. ನೀವು ಮುಂದೆ ನಡೆಯಿರಿ, ನಾವಿಬ್ಬರೂ ಹಿಂದಿನಿಂದ ಬರುತ್ತೇವೆ ಎಂದೆ.