ಕೌದಿಯ ಪುಸ್ತಕಗಳು: ಮೊದಲು ಯಾವುದು, ಆಮೇಲೆ ಯಾವುದು

ಸವೆದ ಸೀರೆ, ಪಂಚೆ, ಲಂಗಗಳನ್ನು ಪದರ ಪದರವಾಗಿ ಹಾಸಿ, ಎಲ್ಲ ಪದರಗಳೂ ಕೂಡಿಕೊಳ್ಳುವಂತೆ ಸೂಜಿ ಹಾಯಿಸಿ ಹೊಲಿದ ಹೊದಿಕೆಯೇ ಕೌದಿ. ಉತ್ತರ ಕರ್ನಾಟಕದಲ್ಲಿ ಇದು ಮನೆಮನೆಯ ವಸ್ತು. ಊರೂರು ತಿರುಗಿ ಕೌದಿ ಹೊಲಿದುಕೊಡುವುದನ್ನೇ ಕಸುಬು ಮಾಡಿಕೊಂಡ ಹೆಂಗಸರೂ ಅಲ್ಲಿದ್ದಾರೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಚಳಿಗಾಲಕ್ಕೆ ಕಂಬಳಿ, ದುಪ್ಪಟಿಗಳದೇ ಬಳಕೆ ಹೆಚ್ಚು. ಹಾಗಾಗಿ ಕೌದಿ ಕಲಿಯಬೇಕೆನ್ನುವವರಿಗೆ ಪಕ್ಕದ ಮನೆಯಲ್ಲೇ ಗುರು ಸಿಗುವುದು ಅಪರೂಪ. ಬಟ್ಟೆಗೂ ಹೊಲಿಗೆ ಬಲ್ಲವರಿಗೂ ಮಾತ್ರ ಬರವಿಲ್ಲ. ಗೆಜ್ಜಲಗೆರೆ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್‌ಗಳಿಂದಾಗಿ ಮಷೀನ್ ಮೇಲೆ ಕೈ ಪಳಗಿದ ಹೆಂಗಸರು ಸುತ್ತಲ ಹಳ್ಳಿಗಳಲ್ಲೆಲ್ಲ ಇದ್ದಾರೆ. ಬಟ್ಟೆಯೂ ಹೊಲಿಗೆಯೂ ಗೊತ್ತಿದ್ದು ಕೌದಿಯ ಪರಂಪರೆ ಮಾತ್ರ ದೂರವಿರುವ ಇಂಥ ಕಡೆ ಪುಸ್ತಕವೇ ಗುರುವಿನ ಸ್ಥಾನ ತುಂಬಬೇಕು.

ಕೌದಿ ಮತ್ತು ತೇಪೆ ಹೊಲಿಗೆಯ ಬಗ್ಗೆ ಬಂದಿರುವ ಪುಸ್ತಕಗಳಲ್ಲಿ ನಾಲ್ಕು ಬಗೆ: ಚರಿತ್ರೆ ಹೇಳುವವು, ವಿನ್ಯಾಸಗಳನ್ನು ಪಟ್ಟಿ ಮಾಡುವವು, ಹೊಲಿಯುವ ಕ್ರಮ ಕಲಿಸುವವು, ಒಂದು ಸೀಮೆಯ ಕೌದಿಯನ್ನೂ ಅದನ್ನು ಹೊಲಿದವರನ್ನೂ ದಾಖಲಿಸುವವು. ಹೆಚ್ಚಿನವು ಇಂಗ್ಲಿಷಿನವು, ಅವುಗಳಲ್ಲೂ ಬಹುಪಾಲು ಅಮೆರಿಕದವು. ಎಲ್ಲವೂ ಎಲ್ಲರಿಗೂ ಬೇಕಾಗುವುದಿಲ್ಲ.

ಚರಿತ್ರೆಯ ಪುಸ್ತಕಗಳು

ಈ ಕಲೆಗೇ ಮೀಸಲಾದ ಮೊದಲ ಪೂರ್ಣ ಪುಸ್ತಕ 1915ರಲ್ಲಿ ಬಂತು. ಅಮೆರಿಕದ ಇಂಡಿಯಾನಾ ರಾಜ್ಯದ ಮರೀ ವೆಬ್‌ಸ್ಟರ್ ಬರೆದ ‘ಕ್ವಿಲ್ಟ್ಸ್: ದೇರ್ ಸ್ಟೋರಿ ಅಂಡ್ ಹೌ ಟು ಮೇಕ್ ದೆಮ್’ ಚರಿತ್ರೆಯನ್ನೂ ಮಾಡುವ ಬಗೆಯನ್ನೂ ಒಟ್ಟಿಗೆ ಹೇಳುತ್ತದೆ. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಇದನ್ನು ಉಚಿತವಾಗಿ ಓದಬಹುದು. 1929ರಲ್ಲಿ ರೂತ್ ಫಿನ್ಲಿ, 1935ರಲ್ಲಿ ಕ್ಯಾರಿ ಹಾಲ್ ಮತ್ತು ರೋಸ್ ಕ್ರೆಟ್ಸಿಂಗರ್ ಬರೆದ ಪುಸ್ತಕಗಳು ಬಂದವು. ಕ್ಯಾರಿ ಹಾಲ್ ತಮಗೆ ಸಿಕ್ಕ ವಿನ್ಯಾಸಗಳಿಗೆಲ್ಲ ಒಂದೊಂದು ಮಾದರಿ ಚೌಕ ಹೊಲಿಯುತ್ತ ಹೋದವರು. ಅಂಥ 800ಕ್ಕೂ ಹೆಚ್ಚು ಚೌಕಗಳು ಇಂದು ಕಾನ್ಸಾಸ್ ವಿಶ್ವವಿದ್ಯಾಲಯದ ಸ್ಪೆನ್ಸರ್ ಕಲಾ ಸಂಗ್ರಹಾಲಯದಲ್ಲಿವೆ. ಫಿನ್ಲಿ ಹೇಳುವ ಕತೆಗಳು ರಸವತ್ತಾಗಿವೆ. ಎಲ್ಲವನ್ನೂ ಚರಿತ್ರೆಯೆಂದು ನಂಬಬೇಕಿಲ್ಲ.

ಇಂಗ್ಲೆಂಡಿನ ಆವೆರಿಲ್ ಕೋಲ್ಬಿ ಬರೆದ ‘ಪ್ಯಾಚ್‌ವರ್ಕ್’ (1958) ಮತ್ತು ‘ಕ್ವಿಲ್ಟಿಂಗ್’ (1972) ಇವುಗಳಿಗಿಂತ ಬಿಗಿಯಾದ ಬರವಣಿಗೆ. ಇಂಗ್ಲಿಷರ ತೇಪೆ ಹೊಲಿಗೆಯ ಚರಿತ್ರೆ ಭಾರತದ ಓದುಗರಿಗೆ ಹತ್ತಿರವಾಗಲು ಒಂದು ಕಾರಣವಿದೆ. ಆ ದೇಶದಲ್ಲಿ ಉಳಿದಿರುವ ಅತಿ ಹಳೆಯ ತೇಪೆ ಹೊದಿಕೆಯೆಂದು ಹೆಸರಾದ ಲೆವೆನ್ಸ್ ಹಾಲ್ ಹಾಸಿಗೆ ಸೆಟ್ಟು 1708ರ ಸುಮಾರಿನದು. ಅದರ ತುಂಡುಗಳೆಲ್ಲ ಭಾರತದ ಚೀಟಿ ಬಟ್ಟೆ, ಅಂದರೆ ಬಣ್ಣದ ಚಿತ್ತಾರದ ಹತ್ತಿ ಬಟ್ಟೆ. ತಮ್ಮ ನೇಕಾರರನ್ನು ಉಳಿಸಿಕೊಳ್ಳಲು ಇಂಗ್ಲಿಷರು ಮೊದಲು ಭಾರತದ ಚೀಟಿ ಬಟ್ಟೆಯ ಆಮದನ್ನು ತಡೆದರು. 1721ರ ಕಾನೂನಿನಿಂದ ಅದರ ಬಳಕೆಗೂ ಕಡಿವಾಣ ಹಾಕಿದರು. ಬಟ್ಟೆ ದುರ್ಲಭವಾದ ಮೇಲೆ ಚೂರನ್ನೂ ಬಿಸಾಡದೆ ಜೋಡಿಸುವ ಅಭ್ಯಾಸಕ್ಕೆ ಬೆಲೆ ಬಂತು.

ವಿನ್ಯಾಸಕೋಶಗಳು

ಬಾರ್ಬರಾ ಬ್ರಾಕ್‌ಮನ್ ಅವರ ‘ಎನ್‌ಸೈಕ್ಲೊಪೀಡಿಯಾ ಆಫ್ ಪೀಸ್ಡ್ ಕ್ವಿಲ್ಟ್ ಪ್ಯಾಟರ್ನ್ಸ್’ ಈ ಗುಂಪಿನಲ್ಲಿ ಮುಖ್ಯವಾದದ್ದು. ಮೊದಲು ಬಿಡಿ ಭಾಗಗಳಾಗಿ ಬಂದು, 1993ರಲ್ಲಿ ಒಂದೇ ಸಂಪುಟವಾಯಿತು. 2020ರಲ್ಲಿ ಪರಿಷ್ಕೃತ ಮುದ್ರಣವೂ ಬಂದಿದೆ. ನಾಲ್ಕು ಸಾವಿರಕ್ಕೂ ಹೆಚ್ಚು ವಿನ್ಯಾಸಗಳನ್ನು ಹೆಸರಿನ ಬದಲು ರಚನೆಯ ಆಧಾರದ ಮೇಲೆ ವಿಂಗಡಿಸಿ, ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟದ್ದು ಬ್ರಾಕ್‌ಮನ್ ಮಾಡಿದ ದೊಡ್ಡ ಕೆಲಸ. ಒಂದೇ ಹೊಲವನ್ನು ಊರಿನವರು ಮೂರು ಹೆಸರಿನಿಂದ ಕರೆದರೂ ಸರ್ವೆ ನಂಬರ್ ಒಂದೇ ಇರುವಂತೆ, ಒಂದು ವಿನ್ಯಾಸಕ್ಕೆ ಹತ್ತು ಹೆಸರಿದ್ದರೂ ಬ್ರಾಕ್‌ಮನ್ ಸಂಖ್ಯೆ ಒಂದೇ. ಹಳೆಯ ಹೊದಿಕೆಗಳನ್ನು ಗುರುತಿಸುವ ಸಂಗ್ರಹಾಲಯಗಳು ಈ ಸಂಖ್ಯೆಯನ್ನು ಬಳಸುತ್ತವೆ. ಜಿನ್ನಿ ಬೇಯರ್ ಅವರ 2009ರ ಸಂಗ್ರಹವೂ ಇದೇ ಜಾತಿಯದು. ಆಯಾ ವಿನ್ಯಾಸ ಯಾವ ವರ್ಷ, ಯಾವ ಪತ್ರಿಕೆಯಲ್ಲಿ ಮೊದಲು ಅಚ್ಚಾಯಿತು ಎಂಬುದನ್ನು ಅದು ಹುಡುಕಿ ಕೊಡುತ್ತದೆ.

ಕೈಪಿಡಿಗಳು

ಹೊಲಿಗೆ ಕಲಿಸುವ ಪುಸ್ತಕಗಳನ್ನು ಕೊಳ್ಳುವಾಗ ಮುದ್ರಣದ ವರ್ಷ ನೋಡಬೇಕು. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ಚಕ್ರದ ಆಕಾರದ ಕಟರ್ ತಂದಿತು. ಅದಕ್ಕೂ ಹಿಂದಿನ ಪುಸ್ತಕಗಳು ರಟ್ಟಿನ ಅಚ್ಚು ಇಟ್ಟು, ಗೆರೆ ಎಳೆದು, ಕತ್ತರಿಯಿಂದ ಒಂದೊಂದೇ ತುಂಡು ಕತ್ತರಿಸುವುದನ್ನು ಹೇಳುತ್ತವೆ. ಆಮೇಲಿನವು ಹಲವು ಪದರ ಬಟ್ಟೆಯನ್ನು ಒಮ್ಮೆಗೇ ಪಟ್ಟಿಪಟ್ಟಿಯಾಗಿ ಕೊಯ್ದು, ಪಟ್ಟಿಗಳನ್ನು ಮಷೀನಿನಲ್ಲಿ ಜೋಡಿಸಿ, ಮತ್ತೆ ಅಡ್ಡಡ್ಡ ಕೊಯ್ಯುವುದನ್ನು ಕಲಿಸುತ್ತವೆ. ಕತ್ತರಿಯೊಂದೇ ಇರುವ ಮನೆಗೆ ಹಳೆಯ ಪುಸ್ತಕವೇ ಒಗ್ಗುತ್ತದೆ.

ಅಮೆರಿಕದ ಕೈಪಿಡಿಗಳಲ್ಲಿ ತುಂಡು ಜೋಡಿಸುವಾಗ ಅಂಚಿಗೆ ಬಿಡುವ ಬಟ್ಟೆ ಕಾಲು ಇಂಚು. ಇಲ್ಲಿನ ಟೈಲರ್‌ಗಳು ಉಡುಪು ಹೊಲಿಯುವಾಗ ಅದಕ್ಕಿಂತ ಹೆಚ್ಚು ಬಿಡುತ್ತಾರೆ. ಉಡುಪಿನ ಅಳತೆಯ ರೂಢಿಯಲ್ಲೇ ಚೌಕ ಹೊಲಿದರೆ ಒಂದೊಂದೂ ಕುಗ್ಗಿ, ಕೊನೆಗೆ ಸಾಲು ಸಾಲಿಗೆ ಕೂಡುವುದಿಲ್ಲ. ಮನೆಯ ಮಷೀನಿನಲ್ಲೇ ಪದರಗಳನ್ನು ಹೊಲಿಯಬೇಕೆನ್ನುವವರು ಹ್ಯಾರಿಯೆಟ್ ಹಾರ್‌ಗ್ರೇವ್ ಅವರ ‘ಹೇರ್‌ಲೂಮ್ ಮಷೀನ್ ಕ್ವಿಲ್ಟಿಂಗ್’ ನೋಡಬಹುದು. ಮಷೀನು, ದಾರ, ಸೂಜಿ, ಬಟ್ಟೆಗಳ ಮೊದಲ ಪಾಠಕ್ಕೆ ಐಟಿಐಗಳ ಹೊಲಿಗೆ ಟ್ರೇಡ್‌ಗೆಂದು ಚೆನ್ನೈನ ನಿಮಿ ಸಂಸ್ಥೆ ಹೊರತರುವ ಪಠ್ಯವೂ ಸಾಕು. ನೂಲಿನ ಬಟ್ಟೆಯನ್ನೂ ಸಿಂಥೆಟಿಕ್ಕನ್ನೂ ಬೇರೆ ಮಾಡಿ ತಿಳಿಯುವುದು ಗಾರ್ಮೆಂಟ್ಸ್ ಚೂರು ಬಳಸುವವರಿಗೆ ತೀರ ಅಗತ್ಯ. ಹಾಗೆಯೇ ಹಿಗ್ಗುವ ಟೀ ಶರ್ಟ್ ಬಟ್ಟೆಯನ್ನು ಹಿಗ್ಗದ ಬಟ್ಟೆಯ ಪಕ್ಕ ಹೊಲಿದರೆ ಒಗೆದ ಮೇಲೆ ಕೌದಿ ಸುಕ್ಕುಗಟ್ಟುತ್ತದೆ.

ಭಾರತದ ಹೊದಿಕೆಗಳ ದಾಖಲೆ

ಭಾರತದಲ್ಲಿ ಮೊದಲು ಅಧ್ಯಯನಕ್ಕೆ ಒಳಗಾದದ್ದು ಬಂಗಾಳದ ಕಾಂಥಾ. ಜಸೀಮುದ್ದೀನ್ ಅವರ ಕಥನಕಾವ್ಯ ‘ನಕ್ಷಿ ಕಾಂಥಾರ್ ಮಾಠ್’ 1929ರಲ್ಲಿ ಬಂದು ಓದುಬಲ್ಲವರ ಗಮನವನ್ನು ಹಳ್ಳಿಯ ಹೊದಿಕೆಯತ್ತ ತಿರುಗಿಸಿತು. ಹತ್ತು ವರ್ಷಗಳ ನಂತರ ಸ್ಟೆಲ್ಲಾ ಕ್ರಾಮ್‌ರಿಷ್ ಕಾಂಥಾ ಕುರಿತು ಬರೆದ ಪ್ರಬಂಧ ಅದನ್ನು ಕಲಾಚರಿತ್ರೆಯೊಳಗೆ ತಂದಿತು. ಅವರ ಸಂಗ್ರಹವೂ ಸೇರಿದ ಫಿಲಡೆಲ್ಫಿಯಾ ಸಂಗ್ರಹಾಲಯದ 2009ರ ಪ್ರದರ್ಶನದ ಗ್ರಂಥ, ಡೇರಿಯಲ್ ಮೇಸನ್ ಸಂಪಾದಿಸಿದ್ದು, ಇಂದು ಈ ವಿಷಯಕ್ಕೆ ಆಧಾರ. ಸಿಂಧ್, ರಾಜಸ್ಥಾನ, ಗುಜರಾತಿನ ‘ರಲ್ಲಿ’ ಎಂಬ ಹೊದಿಕೆಗೆ ಪೆಟ್ರೀಷಿಯಾ ಸ್ಟೊಡರ್ಡ್ ಅವರ 2003ರ ಪುಸ್ತಕ, ಮಹಾರಾಷ್ಟ್ರದ ಗೋಧಡಿಗೆ ಗೀತಾ ಖಾಂಡೇಲವಾಲ್ ಅವರ 2013ರ ಪುಸ್ತಕ ಇವೆ. ದೇಶದ ಹಲವು ಸೀಮೆಗಳ ಹೊದಿಕೆಗಳನ್ನು ಒಂದೆಡೆ ತಂದದ್ದು ಪ್ಯಾಟ್ರಿಕ್ ಫಿನ್ ಅವರ ‘ಕ್ವಿಲ್ಟ್ಸ್ ಆಫ್ ಇಂಡಿಯಾ’ (2014). ಒಂದೇ ಪುಸ್ತಕಕ್ಕೆ ಹಣ ಹೊಂದಿಸುವವರು ಇದನ್ನು ಆರಿಸಿಕೊಳ್ಳಬಹುದು.

ಸಿದ್ದಿಯರ ಕವಂದಿ

ಕರ್ನಾಟಕಕ್ಕೆ ಸಂಬಂಧಿಸಿದಂತೆ ಹೆಚ್ಚು ಬೆಲೆಯುಳ್ಳ ಬರವಣಿಗೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಎಂಬ ತೇಪೆ ಹೊದಿಕೆಯನ್ನು ಕುರಿತದ್ದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಹಳ್ಳಿಗಳಲ್ಲಿ ಓಡಾಡಿ ಇದನ್ನು ದಾಖಲಿಸಿದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಶೋಂಬರ್ಗ್ ಕೇಂದ್ರದಲ್ಲಿ ಈ ಹೊದಿಕೆಗಳ ಪ್ರದರ್ಶನವಾಯಿತು. ‘ಸೋಲ್‌ಫುಲ್ ಸ್ಟಿಚಿಂಗ್’ ಎಂಬ ಅವರ ಲೇಖನ 2013ರಲ್ಲಿ ‘ಆಫ್ರಿಕನ್ ಆರ್ಟ್ಸ್’ ಪತ್ರಿಕೆಯಲ್ಲಿ ಬಂತು.

ಈ ಲೇಖನದ ಬೆಲೆ ಅದು ಹೇಳುವ ಕ್ರಮದಲ್ಲಿದೆ. ಕವಂದಿಗೆ ಅಡಿಪದರ ಒಂದು ಹಳೆ ಸೀರೆ. ಅದರ ಒಂದು ಮೂಲೆಯಲ್ಲಿ ಮೊದಲ ತೇಪೆ ಇಟ್ಟು, ತೇಪೆಯ ಅಂಚನ್ನು ಒಳಕ್ಕೆ ಮಡಚಿ, ಸೂಜಿಯನ್ನು ಮೇಲೆ ಕೆಳಗೆ ಹಾಯಿಸುವ ಸಾದಾ ಹೊಲಿಗೆಯಿಂದ ಕೂರಿಸುತ್ತಾರೆ. ಅದರ ಪಕ್ಕಕ್ಕೆ ಇನ್ನೊಂದು, ಮತ್ತೊಂದು. ಹೀಗೆ ಹೊಲಿಗೆ ನಾಲ್ಕು ಅಂಚಿನ ಸುತ್ತಲೂ ಬಂದು, ಸುತ್ತು ಚಿಕ್ಕದಾಗುತ್ತ ಹೋಗಿ ನಡುವೆ ಮುಗಿಯುತ್ತದೆ. ಮೂಲೆಗಳಿಗೆ ಮಡಚಿದ ಬಟ್ಟೆಯ ತ್ರಿಕೋನಗಳನ್ನು ಸೇರಿಸುತ್ತಾರೆ. ಅವಕ್ಕೆ ‘ಫೂಲ’ ಎಂದು ಹೆಸರು. ಅವಿಲ್ಲದ ಕವಂದಿ ಪೂರ್ತಿಯಾದಂತಲ್ಲ. ಕ್ರೈಸ್ತ ಸಿದ್ದಿಯರ ಕವಂದಿಗಳಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರವುಗಳಲ್ಲಿ ಅರ್ಧಚಂದ್ರ ಕಾಣುವುದುಂಟು.

ಅಮೆರಿಕದ ಕ್ರಮ ಇದಕ್ಕೆ ತದ್ವಿರುದ್ಧ. ಅಲ್ಲಿ ಮೊದಲು ಮೇಲ್ಪದರದ ತುಂಡುಗಳನ್ನು ಜೋಡಿಸಿ ಮುಗಿಸಬೇಕು. ಆಮೇಲೆ ನಡುವೆ ಹತ್ತಿಯ ಪದರ, ಕೆಳಗೆ ಅಸ್ತರು ಇಟ್ಟು ಮೂರನ್ನೂ ಹೊಲಿಯಬೇಕು. ಕೊನೆಗೆ ಅಂಚಿಗೆ ಪಟ್ಟಿ ಕಟ್ಟಬೇಕು. ಕವಂದಿಯಲ್ಲಿ ತೇಪೆ ಕೂರಿಸುವ ಹೊಲಿಗೆಯೇ ಪದರಗಳನ್ನೂ ಹಿಡಿಯುತ್ತದೆ. ಅಂಚು ಆರಂಭದಲ್ಲೇ ಮಡಚಿಕೊಂಡಿರುವುದರಿಂದ ಪಟ್ಟಿ ಬೇಕಿಲ್ಲ. ಮುಂದಿನ ತೇಪೆ ಯಾವುದೆಂಬುದು ಕೈಗೆ ಸಿಕ್ಕ ಬಟ್ಟೆಯ ಮೇಲೆ ತೀರ್ಮಾನವಾಗುತ್ತದೆ. ಆದ್ದರಿಂದ ಕೌದಿ ಹೊಲಿಯಬೇಕೆನ್ನುವವರಿಗೆ ನಾಲ್ಕು ಸಾವಿರ ವಿನ್ಯಾಸಗಳ ಕೋಶಕ್ಕಿಂತ ಕೆಲವೇ ಪುಟಗಳ ಈ ದಾಖಲೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮಂಡ್ಯ ಸೀಮೆಯ ಆಧಾರಗಳು

ಈ ಭಾಗದ ಹಳೆಯ ಬಟ್ಟೆಬರೆ, ಕಸುಬುಗಳ ಹಿನ್ನೆಲೆ ತಿಳಿಯಲು ಬೇರೆ ಪುಸ್ತಕಗಳಿವೆ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮದ್ದೂರು, ಮಂಡ್ಯದ ಹಾದಿಯಲ್ಲಿ ಹಾದುಹೋದವರು. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವರ ಪ್ರವಾಸಕಥನದಲ್ಲಿ ಮೈಸೂರು ಸೀಮೆಯ ಬೆಳೆ, ನೇಯ್ಗೆ, ಬಣ್ಣಗಾರಿಕೆಗಳ ವಿವರವಿದೆ. ಮಂಡ್ಯ ಜಿಲ್ಲೆಯ ಗೆಜೆಟಿಯರ್ 1967ರಲ್ಲಿ ಬಂತು. ಕನ್ನಡದಲ್ಲಿ ಮೊದಲು ತೆರೆಯಬೇಕಾದ್ದು ಚಂದ್ರಶೇಖರ ಕಂಬಾರರು ಸಂಪಾದಿಸಿ 1985ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹೊರತಂದ ‘ಕನ್ನಡ ಜಾನಪದ ವಿಶ್ವಕೋಶ’ದ ಎರಡು ಸಂಪುಟಗಳು.

ಓದಿದ್ದನ್ನು ಕಣ್ಣಾರೆ ಕಂಡ ವಸ್ತುಗಳೊಂದಿಗೆ ಹೋಲಿಸಿ ನೋಡಲು ಹತ್ತಿರದಲ್ಲೇ ಎರಡು ಜಾಗಗಳಿವೆ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಬಳಿ ಹೆದ್ದಾರಿಯಲ್ಲೇ ಇದೆ. ಅದೇ ತಾಲ್ಲೂಕಿನ ಜೀ.ಶಂ. ಪರಮಶಿವಯ್ಯನವರು ದುಡಿದು ಬೆಳೆಸಿದ ಜಾನಪದ ವಸ್ತುಸಂಗ್ರಹಾಲಯ ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿದೆ.

ಯಾವುದು ಮೊದಲು

ಹೊಸದಾಗಿ ಕಲಿಯುವವರು ಮೊದಲು ಡ್ರೂವಲ್ ಲೇಖನ ಓದಿ, ಒಂದು ಹಳೆ ನೂಲಿನ ಸೀರೆಯ ಮೇಲೆ ಮಗುವಿನ ಅಳತೆಯ ಕವಂದಿ ಹೊಲಿದು ನೋಡುವುದು ಒಳ್ಳೆಯದು. ಆಮೇಲೆ ಫಿನ್ ಅವರ ಪುಸ್ತಕದಲ್ಲಿ ಬೇರೆ ಸೀಮೆಗಳ ಕ್ರಮ ನೋಡಬಹುದು. ಅಳತೆಯ ಚೌಕಗಳನ್ನು ಮಷೀನಿನಲ್ಲಿ ಜೋಡಿಸುವ ಆಸೆಯಿದ್ದರೆ ಮಾತ್ರ ಅಮೆರಿಕದ ಒಂದು ಕೈಪಿಡಿ ಕೊಳ್ಳಬೇಕು. ಚರಿತ್ರೆಗೆ ವೆಬ್‌ಸ್ಟರ್ ಪುಸ್ತಕ ಖರ್ಚಿಲ್ಲದೆ ಸಿಗುತ್ತದೆ. ಬ್ರಾಕ್‌ಮನ್, ಬೇಯರ್ ಅವರ ಕೋಶಗಳು ದಪ್ಪವೂ ದುಬಾರಿಯೂ ಆದವು. ಹಳೆಯ ಹೊದಿಕೆಗಳನ್ನು ಗುರುತಿಸುವ ಸಂಶೋಧಕರಿಗೆ, ವಿನ್ಯಾಸ ಕಲಿಸುವ ಕಾಲೇಜುಗಳಿಗೆ ಅವು ಬೇಕು. ಮನೆಯಲ್ಲಿ ಕೌದಿ ಹೊಲಿಯುವವರು ಅವನ್ನು ಗ್ರಂಥಾಲಯದಲ್ಲಿ ತಿರುವಿಹಾಕಿದರೆ ಸಾಕು.