ಬಾಸ್ಕೆಟ್‌ಬಾಲ್ ಬಿಟ್ಟು ಗಾಂಜಾ ಕಂಪನಿ: ಅಲ್ಲಿ ಲೈಸೆನ್ಸ್, ಇಲ್ಲಿ ಜೈಲು

ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಆಟಗಾರ ಆಲ್ ಹ್ಯಾರಿಂಗ್ಟನ್ ಈಗ ಗಾಂಜಾ ವ್ಯಾಪಾರಿ. ಗ್ಲಾಕೋಮಾ ಇದ್ದ ಅಜ್ಜಿ ವಯೋಲಾಗೆ ಗಾಂಜಾದಿಂದ ಆರಾಮ ಸಿಕ್ಕಿದ್ದು ನೋಡಿ, 2011ರಲ್ಲಿ ಕೊಲರಾಡೊದಲ್ಲಿ ಅಜ್ಜಿ ಹೆಸರಲ್ಲೇ ಕಂಪನಿ ಶುರು ಮಾಡಿದರು. ಆಟ ನಿಂತ ಮೇಲೆ ಅದೇ ಕಸುಬು. ಅಲ್ಲಿ ಇದಕ್ಕೆ ರಾಜ್ಯ ಸರ್ಕಾರವೇ ಲೈಸೆನ್ಸ್ ಕೊಡುತ್ತೆ.

ನಮ್ಮ ಮಾಲೂರು, ಮುಳಬಾಗಿಲಲ್ಲಿ ಹಾಗೆ ಮಾಡಬಹುದಾ? ಆಗಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಗಿಡ ಬೆಳೆದರೆ 10 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಟೊಮೆಟೊ ಸಾಲಿನ ನಡುವೆ, ಮಾವಿನ ತೋಪಿನ ಮೂಲೆಯಲ್ಲಿ ‘ನಾಲ್ಕೇ ಗಿಡ ಇತ್ತು ಸಾರ್’ ಅಂದರೂ ಕೇಸು ಕೇಸೇ.

ಅಂಗಡಿಯವರು ಗಮನಿಸಬೇಕಾದ್ದು ಇನ್ನೊಂದಿದೆ. ಈಗ ‘ಹೆಂಪ್’ ಅಂತ ಮಾರುವ ಮಾಲೂ ಇದೇ ಜಾತಿಯ ಗಿಡದ್ದು. ಕಾನೂನಿನ ಲೆಕ್ಕದಲ್ಲಿ ಹೂವಿನ ತೆನೆ ಗಾಂಜಾ, ಬರೀ ಬೀಜ ಅಲ್ಲ. ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರವಾಗಿ ಮಾರಲು ಎಫ್‌ಎಸ್‌ಎಸ್‌ಎಐ 2021ರಲ್ಲಿ ಒಪ್ಪಿದೆ. ಹಾಗಂತ ಮಾಲು ಹಾಕೋಕೆ ಬಂದವರು ‘ಎಲ್ಲಾ ಲೀಗಲ್’ ಅಂದರೆ ಸಾಲದು. ಪ್ಯಾಕೆಟ್ ಮೇಲೆ 14 ಅಂಕಿಯ ಲೈಸೆನ್ಸ್ ನಂಬರ್ ನೋಡಿ, ಬಿಲ್ ಇಸ್ಕೊಳ್ಳಿ. ಹೂವಿರೋ ಪೊಟ್ಟಣವಾದರೆ ಅಂಗಡಿ ಒಳಗೇ ಇಳಿಸಿಕೊಳ್ಳಬೇಡಿ.